ಕೆಂಪು ಪೆನ್ಸಿಲಿನ ಗೀಟು

ಜನವರಿ 8, ಸೋಮವಾರ

ಅಕ್ಕಾ,

ಹರಿಯುವ ಮೊದಲು ಇದನ್ನೊಂದು ಸಲ ಓದು. ಫೋನಿನಲ್ಲಾದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ಸೌಕರ್ಯ ಇಲ್ಲ ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಮ್ಮ ಕನ್ನಡಕದ ಅಂಗಡಿಯಿಂದ ನಿನ್ನ ಕೋಣೆಗೆ ಬಸ್ಸಿನಲ್ಲಿ ಎಂಟು ಸ್ಟಾಪ್. ಎಂಟು ಸ್ಟಾಪಿಗೆ ಸ್ಟಾಂಪ್ ಹಚ್ಚುವ ಹೆಂಗಸು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ವಿಷಯ ಇಷ್ಟೇ. ಮೂರು ತಿಂಗಳಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಡಾಕ್ಟರಮ್ಮನ ಹತ್ತಿರ ಹೋದರೆ ಅವರು ಮಾತ್ರೆ ಕೊಡುವ ಬದಲು ಹೋಂವರ್ಕ್ ಕೊಟ್ಟರು. ದಿನಾ ಸಂಜೆ ಕೂತು, ಆ ದಿನ ನನಗೆ ಒಳ್ಳೆಯದಾದ ಮೂರು ವಿಷಯ ಬರೆಯಬೇಕಂತೆ. ದೊಡ್ಡದೇ ಆಗಬೇಕಿಲ್ಲ, ಬಿಸಿನೀರು ಬಂತು, ಕೊಡೆ ಮರೆಯಲಿಲ್ಲ, ಅಷ್ಟು ಸಾಕು. ಕಾಫಿಯ ಮೊದಲ ಗುಟುಕಿಗೆ ಮುಂಚೆ, ಮಾಡಿಕೊಟ್ಟವರನ್ನು ನೆನೆಯಬೇಕಂತೆ. ನಮ್ಮಲ್ಲಿ ಕಾಫಿ ಮಾಡುವವಳು ನಾನೇ, ಹಾಗಾಗಿ ನನ್ನನ್ನೇ ನೆನೆದು ಕುಡಿದೆ. ವಾರಕ್ಕೊಮ್ಮೆ ಒಬ್ಬರಿಗೆ ಎದುರಿಗೆ ನಿಂತೋ ಬರೆದೋ ಥ್ಯಾಂಕ್ಸ್ ಹೇಳಬೇಕಂತೆ.

ಮೊದಲ ವಾರ ಬಸ್ ಡ್ರೈವರಿಗೆ ಹೇಳಿದೆ. "ಚೆನ್ನಾಗಿ ಓಡಿಸಿದ್ರಿ ಅಣ್ಣ, ಥ್ಯಾಂಕ್ಸ್" ಅಂದೆ. ಆತ ಗಾಬರಿಯಾಗಿ, "ಯಾಕಮ್ಮ, ನಿಮ್ ಸ್ಟಾಪ್ ಬಿಟ್ಟೋಯ್ತಾ?" ಅಂದ. ಎರಡನೇ ವಾರ ಎದುರುಮನೆ ಅಜ್ಜಿಗೆ ಹೇಳಿದೆ. ನನಗೇನೋ ವಾಸಿಯಾಗದ ಕಾಯಿಲೆ ಅಂತ ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು.

ಮೂರನೇ ವಾರ ನಿನ್ನದು. ನನಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಹಿಡಿದುಕೊಂಡು ಇಡೀ ಬೀದಿ ಓಡಿದೆಯಲ್ಲ, ಅದಕ್ಕೆ ಥ್ಯಾಂಕ್ಸ್. ಪರೀಕ್ಷೆಯ ದಿನ ನಿನ್ನ ಹೊಸ ಪೆನ್ನು ಕೊಟ್ಟೆ, ಅದಕ್ಕೂ. ಅಮ್ಮ ತೀರಿಕೊಂಡ ವರ್ಷ ದಿನಾ ನನ್ನ ತಲೆ ಬಾಚಿ ಎರಡು ಜಡೆ ಹಾಕಿದೆ. ಪ್ರಾಣ ಹೋಗುವ ಹಾಗೆ ಎಳೆಯುತ್ತಿದ್ದೆ, ಆದರೂ ಥ್ಯಾಂಕ್ಸ್.

ಬರೆದರೆ ಬರೆ. ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ನಿನ್ನ ಚುಕ್ಕಿ

~

ಜನವರಿ 29

ಅಕ್ಕಾ,

ಉತ್ತರ ಬರಲಿಲ್ಲ. ಕಾಗದ ವಾಪಸ್ಸೂ ಬರಲಿಲ್ಲ. ಅದನ್ನು ಆ ದಿನದ ಮೂರರಲ್ಲಿ ಒಂದು ಅಂತ ಬರೆದುಕೊಂಡೆ.

ಅಂಗಡಿ ನೀನು ಬಿಟ್ಟುಹೋದ ಹಾಗೇ ಇದೆ. ಮುಂದೆ ಫ್ರೇಮುಗಳ ಗಾಜಿನ ಕಪಾಟು, ಹಿಂದೆ ಕೆಲಸದ ಕೋಣೆ, ಅಲ್ಲಿ ಮೂರು ಸ್ಟೂಲು. ಅಪ್ಪ ಈಗಲೂ ಬೆಳಿಗ್ಗೆ ಎಂಟಕ್ಕೆ ಇಳಿದು ಬಂದು ಗಾಜು ಉಜ್ಜುವ ತಿರುಗುಕಲ್ಲಿಗೆ ನೀರು ಬಿಡುತ್ತಾರೆ. ಫ್ರೇಮನ್ನು ಬಿಸಿ ಮರಳಿನ ಬಾಣಲೆಯಲ್ಲಿ ಮೆತ್ತಗೆ ಮಾಡಿ ಗಾಜು ಕೂರಿಸುವ ಕೆಲಸ ಮೊದಲು ನಾವಿಬ್ಬರು ಮಾಡುತ್ತಿದ್ದೆವು, ಈಗ ನಾನೊಬ್ಬಳೇ. ನಿನ್ನ ಸ್ಟೂಲಿನ ಮೇಲೆ ಅಪ್ಪ ಹಳೇ ಆರ್ಡರ್ ಚೀಟಿಗಳ ಡಬ್ಬ ಇಟ್ಟಿದ್ದಾರೆ.

ಹೇಳಬೇಕಾದದ್ದು ಏನೆಂದರೆ, ಊರಿಗೆಲ್ಲ ಕನ್ನಡಕ ಮಾಡಿಕೊಟ್ಟ ಅಪ್ಪನಿಗೆ ಈಗ ಎರಡೂ ಕಣ್ಣಲ್ಲಿ ಪೊರೆ. ಏಪ್ರಿಲ್ ಕೊನೆಗೆ ಆಪರೇಷನ್. ಅವರು ಸರಿಯಿದೆ ಅಂತ ಎತ್ತಿಟ್ಟ ಗಾಜನ್ನು ಅವರು ಊಟಕ್ಕೆ ಹೋದಾಗ ನಾನು ಕದ್ದು ಮತ್ತೆ ಅಳೆಯುತ್ತೇನೆ. ಅವರಿಗೆ ಗೊತ್ತಾದರೆ ಮುಗಿಯಿತು.

ಹೋದ ವಾರ ಹಳೇ ಗಿರಾಕಿಯೊಬ್ಬರು, "ದೊಡ್ಡ ಮಗಳು ಕಾಣಲ್ವಲ್ಲ?" ಅಂತ ಕೇಳಿದರು. ಅಪ್ಪ ತಲೆ ಎತ್ತದೆ, "ಅವಳಿಗೆ ಕೈ ಅವಸರ. ಈ ಕೆಲಸಕ್ಕೆ ಆಗಲ್ಲ" ಅಂದರು. ನಾನು ಕಪಾಟು ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

ನಿನಗೆ ಹೇಳಬೇಕಾದ ಥ್ಯಾಂಕ್ಸ್ ಪಟ್ಟಿ ಇಪ್ಪತ್ತಮೂರಕ್ಕೆ ಬಂದಿದೆ. ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಒಡೆದ ಹೂದಾನಿಯನ್ನು ಬೆಕ್ಕಿನ ಮೇಲೆ ಹಾಕಿದ್ದು ಹದಿನಾಲ್ಕನೆಯದು. ಅದನ್ನು ಓದಿದರೆ ನಗು ಬರುತ್ತದೆ ಅಂತ ಆಸೆ.

ನಿನ್ನ ಚುಕ್ಕಿ

~

ಫೆಬ್ರವರಿ 6

ಎರಡೂ ಕಾಗದ ಬಂದವು.

ಸೈಕಲ್ ಸೀಟು ಹಿಡಿದು ಓಡಿದ್ದು ನಾನಲ್ಲ, ಅಮ್ಮ. ನಾನು ಮೆಟ್ಟಿಲ ಮೇಲೆ ಕೂತು ನಗುತ್ತಿದ್ದೆ. ಪೆನ್ನು ನಾನು ಕೊಡಲಿಲ್ಲ. ನೀನು ಕೇಳದೆ ತೆಗೆದುಕೊಂಡು ಹೋದೆ, ನಾನು ಆ ದಿನ ಪೆನ್ಸಿಲಲ್ಲಿ ಬರೆದು ಟೀಚರ್ ಹತ್ತಿರ ಬೈಸಿಕೊಂಡೆ. ಜಡೆ ಹಾಕಿದ್ದು ನಿಜ. ಎಳೆದದ್ದೂ ನಿಜ.

ಇಪ್ಪತ್ತಮೂರನ್ನೂ ಓದಿದೆ. ಎಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ.

ಅಪ್ಪನ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ಯಾವ ಕಣ್ಣು ಮೊದಲು?

ನಿನ್ನ ತಂದೆಯ ದೊಡ್ಡ ಮಗಳು

~

ಫೆಬ್ರವರಿ 19

ಅಕ್ಕಾ,

ಬಲಗಣ್ಣು ಮೊದಲು.

ನನಗೆ ಚುಕ್ಕಿ ಅಂತ ಹೆಸರಿಟ್ಟವಳೇ ನೀನು. ನಿನ್ನ ಕಾಗದದಲ್ಲಿ ಆ ಹೆಸರು ಎಲ್ಲೂ ಇರಲಿಲ್ಲ. ಅಡ್ಡಗೋಡೆ ಅಂತ ನೀನು ಅಂದದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಪಟ್ಟಿಯಲ್ಲಿ ಇಲ್ಲದ ಇಪ್ಪತ್ತನಾಲ್ಕನೆಯದನ್ನು ಈಗ ಬರೆದುಬಿಡುತ್ತೇನೆ. ಇದನ್ನು ಇದುವರೆಗೆ ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ.

ಒಂಬತ್ತು ವರ್ಷದ ಹಿಂದಿನ ಆ ಗುರುವಾರ. ಅಪ್ಪ ಜ್ವರ ಬಂದು ಮೇಲೆ ಮಲಗಿದ್ದರು, ನೀನು ಅವರಿಗೆ ಮಾತ್ರೆ ತರಲು ಹೋಗಿದ್ದೆ. ದರ್ಜಿಯಮ್ಮನ ಕನ್ನಡಕ ನನ್ನ ಮುಂದಿತ್ತು. ಬಲಗಣ್ಣಿಗೆ ದಪ್ಪ ಗಾಜು, ಎಡಗಣ್ಣಿಗೆ ತೆಳುವಾದದ್ದು. ಫ್ರೇಮನ್ನು ಯಾವಾಗಲೂ ನಾವೇ ಹಾಕಿಕೊಳ್ಳುವ ಹಾಗೆ, ಕಡ್ಡಿಗಳು ನಮ್ಮ ಕಡೆ ಇರುವಂತೆ ಹಿಡಿಯಬೇಕು ಅಂತ ಅಪ್ಪ ಎಷ್ಟು ಸಲ ಹೇಳಿರಲಿಲ್ಲ! ಎದುರಿನಿಂದ ಹಿಡಿದರೆ ಅವರ ಬಲ ನಮಗೆ ಎಡವಾಗುತ್ತದೆ. ಗೆಳತಿಯರು ಹೊರಗೆ ಕಾಯುತ್ತಿದ್ದರು. ನಾನು ಅವಸರದಲ್ಲಿ ಎದುರಿನಿಂದ ಹಿಡಿದೆ. ಗಾಜು ಅದಲುಬದಲಾಯಿತು.

ಕೂರಿಸಿದವರು ಚೀಟಿಯ ಮೂಲೆಯಲ್ಲಿ ತಮ್ಮ ಬಣ್ಣದ ಗೀಟು ಎಳೆಯಬೇಕಲ್ಲ. ನಿನ್ನದು ಕೆಂಪು, ನನ್ನದು ನೀಲಿ. ನನ್ನ ನೀಲಿ ಪೆನ್ಸಿಲ್ ಸವೆದು ಬೆರಳಿಗೆ ಸಿಗುತ್ತಿರಲಿಲ್ಲ. ನಿನ್ನ ಮೇಜಿನ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದು ಹೊರಟುಹೋದೆ. ನಿನಗೆ ಹೇಳಬೇಕು ಅಂತಲೂ ತೋಚಲಿಲ್ಲ.

ಶನಿವಾರ ದರ್ಜಿಯಮ್ಮ ಆ ಕನ್ನಡಕ ಹಾಕಿಕೊಂಡು ಮನೆಯ ಮೆಟ್ಟಿಲು ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸೋಮವಾರ ಅಪ್ಪ ಚೀಟಿಯನ್ನು ಮೇಜಿನ ಮೇಲೆ ಹರಡಿ, "ಇದು ಯಾರ ಗೀಟು?" ಅಂದರು. ನೀನು ಚೀಟಿ ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ನಾನು ಬಾಣಲೆಯ ಮರಳು ಕೆದಕುತ್ತಾ ನಿಂತೆ. ನೀನು ಒಂದೇ ಒಂದು ಮಾತಾಡಲಿಲ್ಲ. ಅಪ್ಪ, "ಇನ್ಮೇಲೆ ಈ ಸ್ಟೂಲ್ ಮೇಲೆ ಕೂರ್ಬೇಡ" ಅಂದರು, ನೀನು ಎದ್ದೆ.

ನನಗೋಸ್ಕರ ಹೊತ್ತುಕೊಂಡೆ ಅಕ್ಕ. ಎಲ್ಲಕ್ಕಿಂತ ದೊಡ್ಡ ಥ್ಯಾಂಕ್ಸ್ ಅದಕ್ಕೆ. ಬರೆದ ಮೇಲೆ ಎದೆ ಹಗುರವಾಯಿತು.

ನಿನ್ನ ಚುಕ್ಕಿ

~

ಮಾರ್ಚ್ 11

ತಡವಾಗಿ ಬರೆಯುತ್ತಿದ್ದೇನೆ, ಬೇಕಂತಲೇ. ಮೂರು ಸಲ ಬರೆದು ಮೂರು ಸಲ ಹರಿದೆ. ಮೂರರಲ್ಲೂ ಬೈಗುಳ ಜಾಸ್ತಿಯಾಗಿತ್ತು. ಇದರಲ್ಲಿ ಸ್ವಲ್ಪ ಕಮ್ಮಿ.

ನಿನಗೋಸ್ಕರ ಹೊತ್ತುಕೊಂಡೆ ಅಂತ ಯಾರು ಹೇಳಿದ್ದು ನಿನಗೆ? ನಾನು ಸುಮ್ಮನಿದ್ದದ್ದು ನಿನ್ನನ್ನು ಉಳಿಸುವುದಕ್ಕಲ್ಲ. ನೀನು ಬಾಯಿ ಬಿಡುತ್ತೀಯ ಅಂತ ಕಾಯುತ್ತಿದ್ದೆ. ಅಷ್ಟೇ. ಈಗ ಹೇಳ್ತಾಳೆ, ಊಟದ ಹೊತ್ತಿಗೆ ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ನಾಲ್ಕು ದಿನ ಕಾದೆ. ನಾನೇ ಹೇಳಿದ್ದರೆ "ತಂಗಿ ಮೇಲೆ ಹಾಕ್ತೀಯಾ" ಅನ್ನುತ್ತಿದ್ದರು. ಕೆಂಪು ಗೀಟು ಕಣ್ಣೆದುರಿಗೇ ಇತ್ತಲ್ಲ. ಶುಕ್ರವಾರ ನಾನು ಪೆಟ್ಟಿಗೆ ಕಟ್ಟಿದೆ. ಅದನ್ನು ಬಸ್ಸಿನ ತನಕ ಹೊತ್ತು ತಂದವಳು ನೀನು. ದಾರಿಯುದ್ದಕ್ಕೂ "ಭಾರ ಇದೆ, ಭಾರ ಇದೆ" ಅಂದೆ. ಬೇರೆ ಏನೂ ಅನ್ನಲಿಲ್ಲ.

ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳುವುದು ಸರಿ. ಇದು ನಾನು ಕೊಟ್ಟದ್ದಲ್ಲ. ಆ ಪೆನ್ನಿನ ಹಾಗೆ ನೀನು ಕೇಳದೆ ತೆಗೆದುಕೊಂಡದ್ದು. ನಿನ್ನ ಎದೆ ಹಗುರವಾಯಿತು ಅಂತ ಬರೆದಿದ್ದೀಯ. ಅದನ್ನು ಓದಿದ ಮೇಲೆ ನನಗೆ ಆ ದಿನ ಊಟ ಸೇರಲಿಲ್ಲ.

ನಾನು ಎಲ್ಲಿ ಕೆಲಸ ಮಾಡುತ್ತೇನೆ ಅಂತ ನೀನು ಒಂದು ಸಲವೂ ಕೇಳಿಲ್ಲ. ದರ್ಜಿಯಮ್ಮನ ಹತ್ತಿರ. ಮನೆ ಬಿಟ್ಟ ಎರಡನೇ ತಿಂಗಳು ಅವರನ್ನು ನೋಡಿಕೊಂಡು ಬರೋಣ ಅಂತ ಹೋದೆ. ಅವರಿಗೆ ಮೆಷಿನ್ ತುಳಿಯಲು ಆಗುತ್ತಿರಲಿಲ್ಲ. ಒಂದು ಅಂಚು ಹೊಲಿದುಕೊಟ್ಟೆ, ಇನ್ನೊಂದು ಹೊಲಿದೆ, ಒಂಬತ್ತು ವರ್ಷವಾಯಿತು. ತಪ್ಪು ನನ್ನದೇ ಅಂತ ಅವರು ನಂಬಿದ್ದಾರೆ. ನಂಬಿಯೇ ಕ್ಷಮಿಸಿದ್ದಾರೆ. ದಿನಾ ಸಂಜೆ ನಾನು ಹೊರಡುವಾಗ "ನೀನಿಲ್ದಿದ್ರೆ ಏನ್ಮಾಡ್ತಿದ್ನೋ ತಾಯಿ" ಅನ್ನುತ್ತಾರೆ. ಮಾಡದ ತಪ್ಪಿಗೆ ದಿನಾ ಕ್ಷಮೆ ತೆಗೆದುಕೊಳ್ಳುವುದು ಹೇಗಿರುತ್ತದೆ ಅಂತ ನಿನ್ನ ಡಾಕ್ಟರಮ್ಮನನ್ನು ಕೇಳು.

ಪಟ್ಟಿ ಸಾಕು ಮಾಡು. ಅಪ್ಪನಿಗೆ ಹೇಳು. ಆಪರೇಷನ್ನಿಗೆ ಮೊದಲು ಹೇಳು. ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚಿದಾಗ ಅವರಿಗೆ ಮೊದಲು ಕಾಣುವುದು ನಿನ್ನ ಮುಖ, ಅದನ್ನು ಸರಿಯಾಗಿ ನೋಡಲಿ. ಆಮೇಲೆ ದರ್ಜಿಯಮ್ಮನಿಗೆ ಹೇಳು. ಅದೆಲ್ಲ ಆದ ಮೇಲೆ ಬೇಕಾದರೆ ನನಗೆ ಬರೆ.

ನಿನ್ನ ತಂದೆಯ ದೊಡ್ಡ ಮಗಳು

~

ಏಪ್ರಿಲ್ 15

ಅಕ್ಕಾ,

ಇವತ್ತು ಹೇಳಿದೆ.

ಒಂದು ತಿಂಗಳು ಯಾಕೆ ಬೇಕಾಯಿತು ಅಂತ ಕೇಳಬೇಡ. ದಿನಾ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ, ಕೆಳಗೆ ಬಂದರೆ ಬಾಯಿಗೆ ಬೀಗ. ಸಂಜೆ ಆ ಮೂರು ವಿಷಯದ ಪುಸ್ತಕ ತೆಗೆದರೆ ಬರೆಯಲು ಏನೂ ಸಿಗುತ್ತಿರಲಿಲ್ಲ. ಹಳೇ ಪುಟಗಳನ್ನು ತಿರುವಿದೆ. "ಕಿಟಕಿ ಪಕ್ಕದ ಬೆಳಕು" ಅಂತ ಏಳು ಸಲ ಬರೆದಿದ್ದೇನೆ. ಅದು ನಿನ್ನ ಜಾಗ. "ಅಪ್ಪ ಇವತ್ತು ನನ್ನ ಕೈ ನಿಧಾನ ಅಂತ ಹೊಗಳಿದರು" ಅಂತ ನಾಲ್ಕು ಸಲ. ಅದೂ ನಿನ್ನದು. ಎಲ್ಲವನ್ನೂ ನನ್ನ ಮೂಗಿನ ನೇರಕ್ಕೇ ನೋಡಿ ಬರೆದಿದ್ದೆ. ನಾಚಿಕೆಯಿಂದ ಪುಸ್ತಕ ಮುಚ್ಚಿಟ್ಟೆ.

ಬೆಳಿಗ್ಗೆ ಹನ್ನೊಂದರ ಹೊತ್ತು. ಅಪ್ಪ ಕಲ್ಲಿನ ಮುಂದೆ ಕೂತಿದ್ದರು.

"ಅಪ್ಪಾ, ದರ್ಜಿಯಮ್ಮನ ಕನ್ನಡಕ ಕೂರಿಸಿದ್ದು ನಾನು."

"ಯಾವ ದರ್ಜಿಯಮ್ಮ?"

"ಬಿದ್ದವ್ರು."

ಅಪ್ಪ ಸ್ವಿಚ್ ಆರಿಸಿದರು. ಕಲ್ಲು ನಿಲ್ಲುವ ತನಕ ಇಬ್ಬರೂ ಅದನ್ನೇ ನೋಡಿದೆವು.

"ಗೀಟು ಕೆಂಪಿತ್ತಲ್ಲ."

"ನನ್ ನೀಲಿ ಮುಗ್ದಿತ್ತು. ಅಕ್ಕನ ಪೆನ್ಸಿಲ್ ತಗೊಂಡೆ."

"ಮುಗ್ದಿದೆ ಅಂತ ಒಂದ್ ಮಾತು ಹೇಳಕ್ಕೇನಾಗಿತ್ತೇ ನಿಂಗೆ?" ಅಂದವರು ತಡಕಿ ತಡಕಿ ತಮ್ಮ ಮೇಜಿನ ಡ್ರಾಯರ್ ಎಳೆದರು. ಅದರ ತುಂಬ ಪೆನ್ಸಿಲು, ಅರ್ಧ ಕೆಂಪು, ಅರ್ಧ ನೀಲಿ. "ಅವತ್ತೂ ಇತ್ತು. ತುಂಬ ಇತ್ತು."

ನಾನು ಅಳುತ್ತಿದ್ದೆ. ಬೈಯಲಿ, ಹೊಡೆಯಲಿ ಅಂತ ಕಾದೆ. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. "ನಾನು ಅವಳನ್ನ ಕೇಳ್ಲೇ ಇಲ್ಲ. ಬರೀ ಗೀಟು ನೋಡ್ದೆ" ಅಂತ ಎರಡು ಸಲ ಹೇಳಿಕೊಂಡರು. ಆಮೇಲೆ ಎದ್ದು ಮೇಲೆ ಹೋದರು. ಮೆಟ್ಟಿಲಲ್ಲಿ ಕೈ ಹಿಡಿಯಲು ಹೋದೆ, ಬಿಡಿಸಿಕೊಂಡರು. ಮಧ್ಯಾಹ್ನ ಊಟಕ್ಕೆ ಕರೆದರೆ ಬಾಗಿಲ ಹಿಂದಿನಿಂದಲೇ, "ನಿನ್ ಅಕ್ಕನ ಅಡ್ರೆಸ್ ಬರ್ದು ಕೊಡು. ದೊಡ್ಡ ಅಕ್ಷರದಲ್ಲಿ ಬರಿ" ಅಂದರು.

ತಂಗಿ

~

ಏಪ್ರಿಲ್ 17

ಮಗಳೇ,

ಸಾಲು ಸೊಟ್ಟಗೆ ಹೋಗುತ್ತಿದೆ. ಸರಿ ಮಾಡಿಕೊಂಡು ಓದು.

ಇಷ್ಟು ವರ್ಷ ನನ್ನ ಕಣ್ಣಿಗೆ ಪೊರೆ ಬಂದಿತ್ತು ಅಂತ ಬರೆಯಬಹುದು. ಕೇಳಲು ಚೆನ್ನಾಗಿರುತ್ತದೆ. ಆದರೆ ಆಗ ನನ್ನ ಕಣ್ಣು ಸರಿಯಾಗೇ ಇತ್ತು. ಎಂಟು ವರ್ಷ ನನ್ನ ಪಕ್ಕ ಕೂತು ಕೆಲಸ ಮಾಡಿದೆ. ಒಂದು ದಿನವೂ ಫ್ರೇಮನ್ನು ಎದುರಿನಿಂದ ಹಿಡಿದವಳಲ್ಲ ನೀನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ನಾನು ಮಾಡಿದ್ದು ಅನ್ಯಾಯ.

ಇಪ್ಪತ್ತಾರಕ್ಕೆ ಆಪರೇಷನ್. ಎರಡೂ ಕಣ್ಣು ಮುಗಿದು ಕನ್ನಡಕದ ಅಳತೆ ಸಿಗುವುದು ಜೂನ್ ಹೊತ್ತಿಗೆ. ಅದನ್ನು ನೀನು ಕೂರಿಸಿದರೆ ಹಾಕಿಕೊಳ್ಳುತ್ತೇನೆ. ಬಲವಂತ ಇಲ್ಲ. ಬಲವಂತ ಮಾಡುವ ಬಾಯಿ ನನಗಿಲ್ಲ.

ಅಪ್ಪ

~

ಜೂನ್ 8, ಶನಿವಾರ

ಅಕ್ಕಾ,

ನೀನು ಇವತ್ತು ಅಂಗಡಿಗೆ ಬರುತ್ತೀಯ ಅಂತ ಅಪ್ಪ ಹೇಳಿದರು. ನಾನು ಎಲ್ಲ ಹೇಳಿದ ದಿನದಿಂದ ಅವರು ನನ್ನ ಜೊತೆ ತೀರ ಬೇಕಾದಷ್ಟೇ ಮಾತಾಡುತ್ತಾರೆ; ಇವತ್ತು ಮಾತ್ರ ಬೆಳಿಗ್ಗೆಯಿಂದ ಮೂರು ಸಲ ಹೇಳಿದರು. ನಾನಿದ್ದರೆ ನಿಮ್ಮಿಬ್ಬರಿಗೂ ಅಡ್ಡ. ಅದಕ್ಕೆ ಎದುರು ದಿಕ್ಕಿನ ಬಸ್ ಹತ್ತಿದೆ. ನಾಲ್ಕನೇ ಸ್ಟಾಪಿನ ಹತ್ತಿರ ನಮ್ಮ ಬಸ್ಸುಗಳು ಎದುರಾದವೋ ಏನೋ. ನಾನು ಇನ್ನೊಂದು ಕಡೆ ಮುಖ ಮಾಡಿ ಕೂತಿದ್ದೆ.

ದರ್ಜಿಯಮ್ಮನ ಕೋಣೆ ಹುಡುಕುವುದು ಕಷ್ಟವಾಗಲಿಲ್ಲ. ಎರಡು ಮೆಷಿನು, ಒಂದರ ಹಿಡಿಗೆ ಅವರ ಊರುಗೋಲು ನೇತುಹಾಕಿತ್ತು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವರು ದಾರ ಎಳೆಯುತ್ತಲೇ ಕೇಳಿಸಿಕೊಂಡರು.

"ಹಾಗಾದ್ರೆ ಒಂಬತ್ತು ವರ್ಷ ನಾನು ಕ್ಷಮಿಸಿದ್ದು ಯಾರನ್ನ?"

"ನನ್ನನ್ನೇ. ನಾನು ಬಂದಿರ್ಲಿಲ್ಲ, ಅಷ್ಟೇ."

"ಅವಳಿಗೆ ದಿನಾ ಥ್ಯಾಂಕ್ಸ್ ಹೇಳ್ತಿದ್ನಲ್ಲ, ಅದೇನೂ ತಪ್ಪಾಗ್ಲಿಲ್ಲ ತಾನೇ?"

"ಇಲ್ಲಮ್ಮ."

"ಅದೊಂದು ಸರಿಯಾಯ್ತು." ದಾರ ಕಡಿದರು. "ನಿನ್ನ ವಿಷ್ಯ ಇನ್ನು ಮೊದಲಿಂದ ಶುರು ಮಾಡ್ಬೇಕು. ನಂಗೂ ವಯಸ್ಸಾಯ್ತು. ಬೇಗ ಆಗುತ್ತೆ ಅಂತ ಹೇಳಲಾರೆ."

ನಾನು ಹೊರಡಲು ತಿರುಗಿದೆ. "ಎಲ್ಲಿಗೆ? ನಿನ್ನ ಅಕ್ಕ ಅಲ್ಲಿ ಕೂತಿದ್ರೆ ಇಲ್ಲಿ ಶರ್ಟಿಗೆ ಗುಂಡಿ ಹಚ್ಚೋರ್ಯಾರು? ಕೂತ್ಕೋ" ಅಂದರು. ಸಂಜೆಯ ತನಕ ನಲವತ್ತು ಗುಂಡಿ ಹೊಲಿದೆ. ಹನ್ನೊಂದನ್ನು ಕಿತ್ತುಹಾಕಿದರು.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಐದು ತಿಂಗಳಲ್ಲಿ ನಿನಗೆ ಇಪ್ಪತ್ತನಾಲ್ಕು ಥ್ಯಾಂಕ್ಸ್ ಬರೆದಿದ್ದೇನೆ. ತಪ್ಪಾಯಿತು ಅಂತ ಒಂದು ಸಲವೂ ಬರೆದಿಲ್ಲ.

ತಪ್ಪಾಯಿತು ಅಕ್ಕ.

ತಂಗಿ

~

ಜೂನ್ 12

ಚುಕ್ಕಿಗೆ,

ಅಪ್ಪನ ಕನ್ನಡಕ ಕೂರಿಸಿದೆ. ಒಂಬತ್ತು ವರ್ಷದಿಂದ ಫ್ರೇಮ್ ಮುಟ್ಟಿರಲಿಲ್ಲ. ಮೂರು ಸಲ ಅಳೆದೆ, ಕಡ್ಡಿಗಳು ನನ್ನ ಕಡೆಗಿವೆಯಾ ಅಂತ ನಾಲ್ಕು ಸಲ ನೋಡಿದೆ. ಚೀಟಿಯ ಮೂಲೆಯಲ್ಲಿ ಕೆಂಪು ಗೀಟು ಎಳೆದೆ. ಗೀಟು ಸೊಟ್ಟಗಾಗಿದೆ. ಅದು ನನ್ನದೇ ಅಂತ ಯಾರು ಬೇಕಾದರೂ ಹೇಳಬಹುದು.

ಅಪ್ಪ ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. "ಕೂದ್ಲು ಬೆಳ್ಳಗಾಗಿದ್ಯಲ್ಲೇ" ಅಂದರು. "ನಿಮ್ಗೆ ಈಗ ಕಾಣಿಸ್ತಿದೆ" ಅಂದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡು ಕೂತೆವು.

ನಾನು ಮನೆಗೆ ವಾಪಸ್ ಬರುವುದಿಲ್ಲ. ಈ ಕೋಣೆ ನನಗೆ ಒಗ್ಗಿದೆ, ದರ್ಜಿಯಮ್ಮನನ್ನು ಬಿಡುವುದೂ ಇಲ್ಲ. ಈಗಲೂ ಸಂಜೆ ಅದೇ ಮಾತು ಹೇಳುತ್ತಾರೆ. ಈಗ ಅದು ಕಿವಿಗೆ ಹಿತವಾಗಿ ಕೇಳಿಸುತ್ತದೆ. ನೀನು ಹಚ್ಚಿದ ಗುಂಡಿಗಳನ್ನು ತೋರಿಸಿದರು. ಹನ್ನೊಂದಕ್ಕೆ ಬಿಟ್ಟದ್ದು ಅವರ ದೊಡ್ಡ ಗುಣ.

ಸಿಟ್ಟು ಹೋಯಿತಾ ಅಂದರೆ, ಇಲ್ಲ. ಸುಳ್ಳು ಯಾಕೆ ಹೇಳಲಿ? ನಿನ್ನ ಕೊನೆಯ ಕಾಗದ ಓದಿದ ಮೇಲೆ ಸ್ವಲ್ಪ ಅತ್ತೆ, ಆಮೇಲೆ ಮತ್ತೆ ಸಿಟ್ಟು ಬಂತು.

ವಾರಕ್ಕೆ ಎರಡು ದಿನ ಅಂಗಡಿಗೆ ಬರುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೇನೆ. ಮಂಗಳವಾರ ಒಂಬತ್ತಕ್ಕೆ ಬರುತ್ತೇನೆ. ನನ್ನ ಸ್ಟೂಲಿನ ಮೇಲಿನ ಡಬ್ಬ ತೆಗೆದಿಡು. ಕಿಟಕಿ ಪಕ್ಕದ ಜಾಗ ನನ್ನದು, ಕೆಂಪು ಪೆನ್ಸಿಲೂ ನನ್ನದು. ನಿನ್ನ ನೀಲಿ ಮುಗಿದರೆ ಬಾಯಿಬಿಟ್ಟು ಹೇಳು.

ಅಕ್ಕ